ಬೊಗಸೆ ನೀರು, ಖಡಕ್ ಇಸ್ತ್ರಿ

ಈ ಸಲದ ಓದುಗರ ಪತ್ರಗಳಲ್ಲಿ ಇಸ್ತ್ರಿಯದೇ ದೊಡ್ಡ ಕಟ್ಟು. ಟೆರಿಕಾಟ್ ಕಾಲದಲ್ಲಿ ಅಟ್ಟ ಸೇರಿದ್ದ ಪೆಟ್ಟಿಗೆಯನ್ನು ಜನ ಮತ್ತೆ ಕೆಳಗಿಳಿಸುತ್ತಿದ್ದಾರೆ. ಕಾಟನ್ ಅಂಗಿ, ಕೈಮಗ್ಗದ ಸೀರೆ, ಲಿನನ್ ಕುರ್ತಾ ಮನೆಗೆ ಬಂದವು. ಅವುಗಳ ಬೆನ್ನಿಗೇ ಊಟದ ಮೇಜಿನ ಹಾಸು, ಕೈವಸ್ತ್ರ, ದಸ್ತರಖಾನ್ (ಊಟಕ್ಕೆ ಕೂರುವಾಗ ಹಾಸುವ ಬಟ್ಟೆ) ಇವನ್ನೂ ಮನೆಯಲ್ಲೇ ಇಸ್ತ್ರಿ ಮಾಡುವ ಹುಮ್ಮಸ್ಸು ಬಂದಿದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪತ್ರಗಳನ್ನು ಒಟ್ಟಿಗೆ ಓದಿದಾಗ ಕಂಡದ್ದಿಷ್ಟು: ಎಲ್ಲರೂ ಕಾವಿನ ಬಗ್ಗೆ ಕೇಳುತ್ತಾರೆ, ನೀರಿನ ಬಗ್ಗೆ ಕೇಳುವವರು ಕಡಿಮೆ. ನಮ್ಮ ಒಣ ಸೀಮೆಯಲ್ಲಿ ಅರ್ಧ ತೊಂದರೆ ಇರುವುದು ಅಲ್ಲೇ. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ಒಂದೇ ಥರದ ಪತ್ರಗಳನ್ನು ಕೂಡಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಏಪ್ರಿಲ್, ಮೇ ಬಂತಂದ್ರ ಕಾಟನ್ ಅಂಗಿ ಎಷ್ಟು ತಿಕ್ಕಿದರೂ ಸುಕ್ಕು ಹೋಗಲ್ಲ ರೀ. ಇಸ್ತ್ರಿ ಪೂರಾ ಬಿಸಿ ಇಟ್ಟು ನೋಡಿದ್ರ ಕಾಲರ್ ಹಳದಿ ಆಗ್ಯದ. ಪೆಟ್ಟಿಗೆ ಕೆಟ್ಟದೇನ್ರಿ?
— ನೌಕರರೊಬ್ಬರು, ಕಲಬುರಗಿ

ಪೆಟ್ಟಿಗೆ ಸರಿಯಾಗಿಯೇ ಇದೆ. ಅಂಗಿ ಅತಿಯಾಗಿ ಒಣಗಿದೆ. ಹತ್ತಿಯ ನಾರಿನೊಳಗಿನ ಸೆಲ್ಯುಲೋಸ್ ಎಳೆಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬಟ್ಟೆ ಮುದ್ದೆಯಾಗಿ ಒಣಗಿದರೆ ಆ ಹಿಡಿತ ಮುದ್ದೆಯ ಆಕಾರದಲ್ಲೇ ಬಿಗಿಯುತ್ತದೆ, ಅದೇ ಸುಕ್ಕು. ಹಿಡಿತ ಬಿಡಿಸುವ ಕೆಲಸ ನೀರಿನದು. ಬಿಟ್ಟುಕೊಂಡ ನಾರನ್ನು ಚಪ್ಪಟೆಯಾಗಿ ಒತ್ತಿ ಹಿಡಿದು, ಆ ನೀರನ್ನು ಹಾರಿಸಿ, ಹೊಸ ಆಕಾರದಲ್ಲಿ ಮತ್ತೆ ಬಿಗಿಯುವಂತೆ ಮಾಡುವುದು ಪೆಟ್ಟಿಗೆಯ ಕಾವು ಮತ್ತು ಭಾರ. ನೀರೇ ಇಲ್ಲದಿದ್ದರೆ ಕಾವು ನಾರನ್ನು ಸುಡುತ್ತದೆ ಹೊರತು ಸುಕ್ಕನ್ನು ಬಿಡಿಸದು.

ಗಾಳಿಯ ತೇವಾಂಶ ಶೇ 65 ಇದ್ದಾಗ ಹತ್ತಿ ತನ್ನ ತೂಕದ ಶೇ 7–8ರಷ್ಟು ನೀರನ್ನು ತಾನಾಗಿಯೇ ಹಿಡಿದಿರುತ್ತದೆ. ಬಿಸಿಲು 42 ಡಿಗ್ರಿ ದಾಟಿದ ಕಲಬುರಗಿಯ ಮೇ ಮಧ್ಯಾಹ್ನದಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಾಳಿಗೆಯ ಮೇಲೆ ಒಂದು ತಾಸಿನಲ್ಲಿ ಹಪ್ಪಳದಂತಾದ ಅಂಗಿಯನ್ನು ಹಾಗೇ ತಿಕ್ಕಿದರೆ ಗೆಲ್ಲುವುದು ಸುಕ್ಕೇ.

ಹಾಗಾಗಿ ಎರಡು ದಾರಿ. ಒಂದು, ಅಂಗಿ ಪೂರ್ತಿ ಒಣಗುವ ಮೊದಲೇ ತೆಗೆಯುವುದು. ಹೊಲಿಗೆ, ಕಾಲರ್, ಜೇಬಿನ ಅಂಚು ಇನ್ನೂ ತಣ್ಣಗಿರುವಾಗ ತಂತಿಯಿಂದ ಇಳಿಸಿ ನೇರವಾಗಿ ಇಸ್ತ್ರಿಗೆ ತನ್ನಿ. ಬೇಸಿಗೆಯಲ್ಲಿ ಇದಕ್ಕೆ ಗಡಿಯಾರ ನೋಡಿಕೊಂಡೇ ಕೂರಬೇಕು. ಎರಡನೆಯದು ಹಳೆಯ ಪದ್ಧತಿ, ನಮ್ಮ ಮೆಚ್ಚಿನದೂ ಅದೇ. ಅಂಗಿಯನ್ನು ಹಾಸಿ ಕೈಯಿಂದ ನೀರು ಚಿಮುಕಿಸಿ. 200 ಗ್ರಾಂ ತೂಗುವ ಅಂಗಿಗೆ 50 ಮಿಲಿಲೀಟರ್, ಅಂದರೆ ಕಾಲು ಲೋಟ ಸಾಕು. ಕಾಲರ್, ಕಫ್, ಗುಂಡಿ ಪಟ್ಟಿಗಳು ಎರಡು ಮೂರು ಪದರದವು, ಅಲ್ಲಿಗೆ ಸ್ವಲ್ಪ ಹೆಚ್ಚು ಬೀಳಲಿ. ತೋಳುಗಳನ್ನು ಒಳಗೆ ಮಡಚಿ, ಸುರುಳಿ ಸುತ್ತಿ, ಒಂದು ಟವೆಲಿನಲ್ಲಿ ಬಿಗಿಯಾಗಿ ಕಟ್ಟಿ ಅರ್ಧ ತಾಸು ಬಿಡಿ. ಹನಿ ಬಿದ್ದ ಜಾಗದ ನೀರು ಬಿದ್ದಿಲ್ಲದ ಜಾಗಕ್ಕೂ ಹರಿದು ಒಂದೇ ಹದಕ್ಕೆ ಬರುತ್ತದೆ. ಸುರುಳಿ ಬಿಚ್ಚಿ ಕೆನ್ನೆಗೆ ತಾಗಿಸಿ ನೋಡಿ: ತಣ್ಣಗೆ ಅನಿಸಬೇಕು, ಒದ್ದೆ ಅನಿಸಬಾರದು. ಕರೆಂಟು ಹೋಯಿತೋ, ನೆಂಟರು ಬಂದರೋ, ಸುರುಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಒಂದು ರಾತ್ರಿ ಕೆಡುವುದಿಲ್ಲ. ಹೊರಗೆ ಒಂದು ದಿನ ಬಿಟ್ಟರೆ ಬೂಜಿನ ವಾಸನೆ ಶುರು.

ಇಸ್ತ್ರಿಯ ಕ್ರಮ: ಮೊದಲು ಕಾಲರಿನ ಹಿಂಬದಿ, ತುದಿಯಿಂದ ನಡುವಿಗೆ. ನಡುವಿನಿಂದ ತುದಿಗೆ ತಳ್ಳಿದರೆ ಹೆಚ್ಚುವರಿ ಬಟ್ಟೆಯೆಲ್ಲ ಮೂಲೆಗೆ ಬಂದು ಸಣ್ಣ ನೆರಿಗೆಯಾಗಿ ಕೂರುತ್ತದೆ, ಎದುರಿನವರಿಗೆ ಮೊದಲು ಕಾಣುವುದೂ ಅದೇ. ನಂತರ ಕಫ್, ತೋಳು, ಹೆಗಲ ಪಟ್ಟಿ. ಕೊನೆಗೆ ಒಂದು ಮುಂಭಾಗದಿಂದ ಶುರುಮಾಡಿ ಬೆನ್ನು ಸುತ್ತಿ ಇನ್ನೊಂದು ಮುಂಭಾಗಕ್ಕೆ. ದೊಡ್ಡ ಭಾಗಗಳನ್ನು ಕಡೆಗೆ ಇಟ್ಟುಕೊಂಡರೆ ಅವು ಮತ್ತೆ ಮುದುಡುವುದಿಲ್ಲ. ಗುಂಡಿಗಳ ಮೇಲೆ ಪೆಟ್ಟಿಗೆ ಹಾಯಿಸಬೇಡಿ. ದಪ್ಪ ಟವೆಲಿನ ಮೇಲೆ ಗುಂಡಿ ಕೆಳಗಾಗುವಂತೆ ಹಾಕಿ ಹಿಂಬದಿಯಿಂದ ಒತ್ತಿ. ಮುಗಿದ ಅಂಗಿಯನ್ನು ಹತ್ತು ನಿಮಿಷ ಹ್ಯಾಂಗರಿಗೆ ಬಿಡಿ. ಬೆಚ್ಚಗಿರುವಾಗಲೇ ತೊಟ್ಟು ಸ್ಕೂಟರ್ ಹತ್ತಿದರೆ ಬೆನ್ನ ಮೇಲೆ ಹೊಸ ಸುಕ್ಕು ಬೀಳುವುದು ಖಚಿತ, ಒಳಗಿನ ಉಗಿ ಇನ್ನೂ ಹೋಗಿರುವುದಿಲ್ಲ.

ಕಾಲರ್ ಹಳದಿಯಾದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಸರಿಯಾಗಿ ಜಾಲಿಸದೆ ಉಳಿದ ಸಾಬೂನು ಪೆಟ್ಟಿಗೆಯ ಕಾವಿಗೆ ಬಟ್ಟೆಗಿಂತ ಮೊದಲು ಕಂದುತ್ತದೆ. ಗಡಸು ನೀರಿನ ಊರಲ್ಲಿ ಇನ್ನೊಂದು ಸಲ ಜಾಲಿಸಿ. ಕಲೆ ತಿಳಿ ಹಳದಿ ಇದ್ದರೆ, ಔಷಧಿ ಅಂಗಡಿಯ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಿಳಿ ಬಟ್ಟೆಯ ತುಂಡು ಅದ್ದಿ ಕಲೆಯ ಮೇಲೆ ಹಾಕಿ, ಬಿಸಿಲಿಗಿಟ್ಟು, ಆಮೇಲೆ ಒಗೆಯಿರಿ. ಇದು ಬಿಳಿ ಹತ್ತಿಗೆ ಮಾತ್ರ. ಕಂದು ಬಣ್ಣಕ್ಕೆ ತಿರುಗಿದ್ದರೆ ನಾರೇ ಸುಟ್ಟಿದೆ, ಔಷಧಿ ಇಲ್ಲ.

ಪ್ರಶ್ನೆ: ಇಸ್ತ್ರಿ ಮೇಜು ಇಲ್ಲ. ಕೌದಿ ಹಾಸಿ ಅದರ ಮೇಲೆ ಮಾಡ್ತೀನಿ. ಸೀರಿ ಮೇಲೆ ಸಣ್ಣ ಸಣ್ಣ ಗೆರಿ ಮೂಡ್ತಾವ. ಯಾಕ?
— ಗೃಹಿಣಿ, ಹುಮನಾಬಾದ್

ಕೌದಿಯ ಮೇಲೆ ಒಮ್ಮೆ ಅಂಗೈ ಆಡಿಸಿ ನೋಡಿ. ಬೆರಳಗಲಕ್ಕೊಂದು ಓಡು ಹೊಲಿಗೆ, ಹೊಲಿಗೆ ಹಾಯ್ದಲ್ಲೆಲ್ಲ ಸಣ್ಣ ತಗ್ಗು, ನಡುವೆ ತೇಪೆಗಳ ಉಬ್ಬು. ತೇವದ ಬಟ್ಟೆಯನ್ನು ಅದರ ಮೇಲಿಟ್ಟು ಕಾದ ಪೆಟ್ಟಿಗೆ ಒತ್ತಿದರೆ ಉಬ್ಬಿನ ಮೇಲೆ ಒತ್ತಡ ಹೆಚ್ಚು, ತಗ್ಗಿನಲ್ಲಿ ಕಡಿಮೆ. ಕೌದಿಯ ಅಚ್ಚೇ ಸೀರೆಗೆ ಇಳಿಯುತ್ತದೆ. ಹೊದೆಯಲು ಅದರಷ್ಟು ಹಿತವಾದದ್ದು ಬೇರೆ ಇಲ್ಲ, ಇಸ್ತ್ರಿಗೆ ಮಾತ್ರ ಬೇಡ.

ಉಣ್ಣೆಯ ಕಂಬಳಿಯನ್ನು ಎರಡು ಪದರ ಮಡಚಿ ಹಾಸಿ, ಮೇಲೆ ಚೆನ್ನಾಗಿ ಒಗೆದ ಹಳೆಯ ಬಿಳಿ ಧೋತರ ಬಿಗಿಯಾಗಿ ಎಳೆದು ಅಂಚುಗಳನ್ನು ಕೆಳಗೆ ಸಿಕ್ಕಿಸಿ. ಉಣ್ಣೆ ತುಸು ತಗ್ಗಿ ಮತ್ತೆ ಏಳುತ್ತದೆ, ಉಗಿಯನ್ನು ಹೀರಿ ಬಿಡುತ್ತದೆ. ಬಣ್ಣದ ಚಾದರ ಹಾಸಿದರೆ ತೇವಕ್ಕೆ ಬಣ್ಣ ಬಿಟ್ಟೀತು. ಶಹಾಬಾದ್ ಕಲ್ಲಿನ ನೆಲದ ಮೇಲೆ ತೆಳ್ಳನೆಯ ಚಾದರ ಒಂದನ್ನೇ ಹಾಸಿ ಮಾಡುವವರಿದ್ದಾರೆ. ಕಲ್ಲು ಕಾವನ್ನು ಎಳೆದುಕೊಳ್ಳುತ್ತದೆ, ಉಗಿ ಅದಕ್ಕೆ ತಾಗಿ ಮತ್ತೆ ನೀರಾಗುತ್ತದೆ, ಬಟ್ಟೆ ಕೆಳಗಿನಿಂದ ಒದ್ದೆಯಾಗಿಯೇ ಉಳಿಯುತ್ತದೆ. ಫೋಮ್ ಹಾಸಿಗೆಯಂತೂ ಬೇಡವೇ ಬೇಡ, ಕಾವಿಗೆ ಕೆಡುವ ವಸ್ತು ಅದು. ನಿಂತು ಮಾಡುವುದಾದರೆ ಮೇಜು ಮೊಣಕೈಗಿಂತ ಒಂದು ಗೇಣು ಕೆಳಗಿರಲಿ. ಇಲ್ಲವಾದರೆ ಸೊಂಟ ಹಿಡಿದು ಇಸ್ತ್ರಿಯ ಮೇಲಿನ ಪ್ರೀತಿಯೇ ಹೋದೀತು.

ಪ್ರಶ್ನೆ: ಊಟದ ಮೇಜಿಗೆ ಹಾಸುವ ಬಿಳಿ ಬಟ್ಟೆ, ಆರು ಕೈವಸ್ತ್ರ, ಹಬ್ಬಕ್ಕೆ ಹಾಸುವ ಕಸೂತಿಯ ದಸ್ತರಖಾನ್ ಇವೆ. ಇಸ್ತ್ರಿ ಅಂಗಡಿಗೆ ಕೊಟ್ಟರೆ ಮೂಲೆಗಳು ಸೊಟ್ಟಗಾಗಿ, ಕಸೂತಿ ಚಪ್ಪಟೆಯಾಗಿ ಬರುತ್ತವೆ. ಮನೆಯಲ್ಲೇ ಸರಿಯಾಗಿ ಮಾಡುವುದು ಹೇಗೆ?
— ನಿವೃತ್ತ ಶಿಕ್ಷಕಿ, ಬೀದರ್

ಊಟದ ಬಟ್ಟೆಯ ಇಸ್ತ್ರಿ ಶುರುವಾಗುವುದು ಒಗೆಯುವ ಕಲ್ಲಿನ ಬಳಿ. ಕಲೆ ಉಳಿದ ಬಟ್ಟೆಗೆ ಕಾದ ಪೆಟ್ಟಿಗೆ ಮುಟ್ಟಿಸಬಾರದು. ಚಹಾದ ಕಂದು, ಶೇರ್ವಾದ ಎಣ್ಣೆ, ಎರಡೂ ಕಾವಿಗೆ ನಾರಿನೊಳಗೆ ಕೂತುಬಿಡುತ್ತವೆ, ಆಮೇಲೆ ಎಷ್ಟು ಉಜ್ಜಿದರೂ ಬಿಡವು. ಅರಿಶಿನದ ಕಲೆಗೆ ಸಾಬೂನು ಹಚ್ಚಿದೊಡನೆ ಕೆಂಪಾಗುತ್ತದೆ, ಗಾಬರಿ ಬೇಡ. ಕ್ಷಾರ ತಾಗಿದರೆ ಅರಿಶಿನದ ಗುಣವೇ ಅದು. ಚೆನ್ನಾಗಿ ಜಾಲಿಸಿ ಕಲೆ ಮೇಲಾಗಿ ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬಿಸಿಲು ತಡೆಯದು, ನಮ್ಮ ಬಿಸಿಲಂತೂ ಎರಡು ಮೂರು ದಿನದಲ್ಲಿ ಬಹುಪಾಲು ಅಳಿಸುತ್ತದೆ. ಕಲೆ ಹೋದದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಇಸ್ತ್ರಿ.

ಮೂಲೆ ಸೊಟ್ಟಗಾಗುವುದು ಪೆಟ್ಟಿಗೆಯನ್ನು ಓರೆಯಾಗಿ ಎಳೆಯುವುದರಿಂದ. ನೇಯ್ಗೆಯಲ್ಲಿ ಹಾಸು ಎಳೆ, ಹೊಕ್ಕು ಎಳೆ ಎರಡೇ ದಿಕ್ಕು. ಆ ದಿಕ್ಕುಗಳಲ್ಲಿ ಬಟ್ಟೆ ಹಿಗ್ಗುವುದು ಕಡಿಮೆ. ಕರ್ಣದ ದಿಕ್ಕಿನಲ್ಲಿ ಎಳೆದರೆ ಚೌಕ ಹೋಗಿ ವಜ್ರಾಕಾರವಾಗುತ್ತದೆ. ತೇವದ ಬಟ್ಟೆಯಾದರೆ ಇನ್ನೂ ಬೇಗ. ಆದ್ದರಿಂದ ಪೆಟ್ಟಿಗೆ ಉದ್ದಕ್ಕೆ ಹೋಗಲಿ ಇಲ್ಲವೇ ಅಡ್ಡಕ್ಕೆ ಹೋಗಲಿ. ಈಗಾಗಲೇ ಸೊಟ್ಟಗಾದ ಕೈವಸ್ತ್ರವನ್ನು ತೇವ ಮಾಡಿ, ಗಿಡ್ಡವಾದ ಕರ್ಣದ ಎರಡು ತುದಿ ಹಿಡಿದು ಮೆಲ್ಲಗೆ ಎಳೆದು ಚೌಕಕ್ಕೆ ತಂದು ಆಮೇಲೆ ಒತ್ತಿ.

ಕೈವಸ್ತ್ರಗಳಿಂದ ಶುರುಮಾಡಿ, ಕೈ ಪಳಗುತ್ತದೆ. ಆರನ್ನೂ ಒಟ್ಟಿಗೆ ಹಿಂಡಿದ ಒದ್ದೆ ಟವೆಲಿನಲ್ಲಿ ಸುತ್ತಿ ಒಂದು ತಾಸು ಇಡಿ. ಲಿನನ್ ಆದರೆ ಹತ್ತಿಗಿಂತ ಹೆಚ್ಚು ತೇವ ಬೇಕು, ಮುಟ್ಟಿದರೆ ಒದ್ದೆ ಅನಿಸುವಷ್ಟು. ಮೂರು ಚುಕ್ಕೆಯ ಕಾವು, ಅಂದರೆ ಡಯಲಿನ ಮೇಲೆ ಚುಕ್ಕೆಗಳಿಂದ ಗುರುತಿಸಿದ ಮೂರು ಹಂತಗಳಲ್ಲಿ ಅತಿ ಹೆಚ್ಚಿನದು. ಮೊದಲು ಹಿಂಬದಿಯಿಂದ ನಾಲ್ಕು ಅಂಚಿನ ಪಟ್ಟಿ. ಪಟ್ಟಿ ಮೂರು ಪದರದ್ದು, ನಿಧಾನಕ್ಕೆ ಒಣಗುತ್ತದೆ. ಅದನ್ನು ಹಸಿಯಾಗಿ ಬಿಟ್ಟು ನಡುವನ್ನು ಒಣಗಿಸಿದರೆ ಆಮೇಲೆ ಪಟ್ಟಿ ಕುಗ್ಗಿ ಅಂಚು ಅಲೆಯಲೆಯಾಗುತ್ತದೆ. ನಂತರ ನಡುವನ್ನು ಹಿಂಬದಿಯಿಂದ ಒಮ್ಮೆ, ಮುಂಬದಿಯಿಂದ ಒಮ್ಮೆ. ಮುಂಬದಿಗೆ ಕೊನೆಯ ಒತ್ತು ಬಿದ್ದರೆ ಬಿಳಿ ಲಿನನ್‌ಗೆ ತೆಳುವಾದ ಹೊಳಪು ಬರುತ್ತದೆ. ಮಡಿಕೆಯನ್ನು ಕೈಯಿಂದಲೇ ಮಾಡಿ. ಪ್ರತಿ ಸಲ ಅದೇ ಗೆರೆಯ ಮೇಲೆ ಪೆಟ್ಟಿಗೆ ಒತ್ತುತ್ತ ಹೋದರೆ ಎಳೆಗಳು ಅಲ್ಲೇ ಸವೆದು, ಬಟ್ಟೆ ಹರಿಯುವುದೂ ಅಲ್ಲಿಂದಲೇ.

ಮೇಜಿನ ಹಾಸು ಎರಡು ಮೀಟರಿಗೂ ಉದ್ದ, ಒಬ್ಬರ ಕೈಗೆ ಸಿಗುವುದಿಲ್ಲ. ಇಸ್ತ್ರಿ ಮೇಜಿನ ಕೆಳಗೆ ತೊಳೆದ ಚಾದರ ಹಾಸಿ, ಇಳಿಬಿದ್ದ ಭಾಗ ಅದರ ಮೇಲೆ ಬೀಳಲಿ. ಹಾಸನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಹಿಂಬದಿ ಹೊರಗಿರಲಿ. ಒಂದು ಮೈ ಒತ್ತಿ, ಹೊರಳಿಸಿ ಇನ್ನೊಂದು ಮೈ ಒತ್ತಿ. ಮಡಿಕೆಯ ಗೆರೆಯಿಂದ ಎರಡು ಬೆರಳು ಈಚೆಗೇ ಪೆಟ್ಟಿಗೆ ನಿಲ್ಲಲಿ. ಬಿಚ್ಚಿ, ಮುಂಬದಿ ಹೊರಗೆ ಬರುವಂತೆ ಮಡಚಿ ಅದನ್ನೇ ಮತ್ತೆ ಮಾಡಿ. ಕೊನೆಗೆ ಪೂರ್ತಿ ಬಿಚ್ಚಿ ನಡುವೆ ಉಳಿದ ಪಟ್ಟಿಯನ್ನಷ್ಟೇ ಒತ್ತಿ. ನಡುವಿನ ಒಂದು ಗೆರೆ ಇದ್ದರೆ ಚೆಂದ ಎನ್ನುವವರೂ ಇದ್ದಾರೆ. ಅದು ಅವರವರ ಕಣ್ಣಿಗೆ ಬಿಟ್ಟದ್ದು, ಆದರೆ ನಾಲ್ಕು ಅಡ್ಡಗೆರೆ ಮಾತ್ರ ಯಾರ ಮೇಜಿಗೂ ಬೇಡ. ಅದಕ್ಕೆ ಮಡಚಿಡುವ ಬದಲು ಸುತ್ತಿಡಿ. ಬಟ್ಟೆ ಅಂಗಡಿಯವರು ಥಾನು ಮುಗಿದ ಮೇಲೆ ಎಸೆಯುವ ರಟ್ಟಿನ ಕೊಳವೆ ಕೇಳಿ ತನ್ನಿ, ಮೇಲೆ ಹಳೆಯ ಬಿಳಿ ಬಟ್ಟೆ ಸುತ್ತಿ, ಹಾಸನ್ನು ಅದರ ಮೇಲೆ ಸುತ್ತಿ. ದುಂಡು ಹಾಸಾದರೆ ನಡುವಿನಿಂದ ಅಂಚಿಗೆ ಒತ್ತುತ್ತ, ಬಟ್ಟೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗಿ.

ಕಸೂತಿಯ ದಸ್ತರಖಾನ್‌ಗೆ ಟರ್ಕಿ ಟವೆಲ್ ಬೇಕು. ಟವೆಲನ್ನು ಎರಡು ಪದರ ಹಾಸಿ, ಕಸೂತಿ ಮುಖ ಕೆಳಗಾಗಿಟ್ಟು ಹಿಂಬದಿಯಿಂದ ಒತ್ತಿ. ಹೊಲಿಗೆಗಳು ಟವೆಲಿನ ಮೆತ್ತೆಯಲ್ಲಿ ಹೂತು, ಎತ್ತಿದಾಗ ಉಬ್ಬಿ ನಿಲ್ಲುತ್ತವೆ. ಕ್ರೋಶಾ ಅಂಚಿದ್ದರೆ ಪೆಟ್ಟಿಗೆಯನ್ನು ಎಳೆಯಬೇಡಿ, ಇಟ್ಟು ಎತ್ತಿ ಮುಂದಕ್ಕಿಡಿ. ಮೂತಿ ಒಂದು ಕೊಂಡಿಗೆ ಸಿಕ್ಕರೆ ಇಡೀ ಸಾಲು ಜಗ್ಗುತ್ತದೆ.

ಬೀದರಿನವರಿಗೆ ಒಂದು ಮಾತು: ಹಾಸು ಪೂರ್ತಿ ಆರಿದ ಮೇಲೇ ಅದರ ಮೇಲೆ ಬಿದ್ರಿಯ ಹೂದಾನಿ ಇಡಿ. ಬಿದ್ರಿಯ ಒಡಲು ಬಹುಪಾಲು ಸತು, ತೇವ ತಾಗಿದಲ್ಲಿ ಬಿಳಿ ಪೊರೆ ಕಟ್ಟುತ್ತದೆ.

ಪ್ರಶ್ನೆ: ಕಾಟನ್ ಸೀರೆಗೆ ಗಂಜಿ ಹಾಕಿದರೆ ಬಿಳಿ ಬಿಳಿ ಮಚ್ಚೆ. ಇಸ್ತ್ರಿ ತಳಕ್ಕೂ ಅಂಟುತ್ತದೆ. ಧೋತರಕ್ಕೆ ಎಷ್ಟು, ಸೀರೆಗೆ ಎಷ್ಟು?
— ಇಬ್ಬರು ಓದುಗರು, ಆಳಂದ ಮತ್ತು ಭಾಲ್ಕಿ

ಮಚ್ಚೆ ಬೇಯದ ಗಂಜಿಯದು. ಪಿಷ್ಟ 60–75 ಡಿಗ್ರಿ ಕಾವಿನಲ್ಲಿ ನೀರು ಹೀರಿ ಅಂಟಾಗುತ್ತದೆ. ತಣ್ಣೀರಿಗೆ ಮೈದಾ ಕದಡಿ ಸೀರೆ ಅದ್ದಿದರೆ ಅದು ಬರೀ ಹಿಟ್ಟಿನ ಪುಡಿ, ಒಣಗಿದ ಮೇಲೆ ಉದುರುತ್ತದೆ.

ಸಾಬುದಾನಿ ಗಂಜಿ ಸೀರೆಗೆ ಒಳ್ಳೆಯದು, ಒಣಗಿದಾಗ ಬಿಳುಪು ಕಡಿಮೆ. ಎರಡು ದೊಡ್ಡ ಚಮಚ ಸಾಬುದಾನಿಯನ್ನು ಎರಡು ತಾಸು ನೆನೆಸಿ, ಒಂದು ಲೀಟರ್ ನೀರಿನಲ್ಲಿ ಕಾಳು ಗಾಜಿನಂತಾಗುವ ತನಕ ಕುದಿಸಿ. ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಸೀರೆಗಾದರೆ ನೀರು ಸೇರಿಸಿ ನಾಲ್ಕು ಲೀಟರ್ ಮಾಡಿ, ಧೋತರಕ್ಕೆ ಎರಡು ಲೀಟರ್. ರುಮಾಲು, ಟೋಪಿ ಖಡಕ್ ನಿಲ್ಲಬೇಕೆಂದರೆ ಒಂದೂವರೆ. ಅನ್ನದ ಗಂಜಿಯೂ ನಡೆಯುತ್ತದೆ, ಉಪ್ಪು ಹಾಕುವ ಮೊದಲು ಬಸಿಯಬೇಕು, ಸೋಸುವುದನ್ನು ಬಿಡಬಾರದು. ಜೋಳದ ಹಿಟ್ಟಿನದು ಬೇಡ, ತೌಡಿನ ಕೆಂಪು ಚುಕ್ಕೆ ಬಿಳಿ ಬಟ್ಟೆಯ ಮೇಲೆ ಉಳಿಯುತ್ತದೆ. ಕಡುಬಣ್ಣದ ಸೀರೆಯನ್ನು ಹಿಂಬದಿ ಹೊರಗಾಗಿ ಹೊರಳಿಸಿ, ಮೊದಲು ಬರಿ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಗಂಜಿಗೆ ಹಾಕಿ. ಒಣ ಸೀರೆ ನೇರವಾಗಿ ಗಂಜಿಗೆ ಬಿದ್ದರೆ ಮೊದಲು ಮುಟ್ಟಿದ ಭಾಗವೇ ಹೆಚ್ಚು ಕುಡಿಯುತ್ತದೆ. ನಮ್ಮ ಕಡೆ ‘ಕಲಫ್’ ಎನ್ನುವುದೂ ಇದನ್ನೇ. ಪಾಲಿಯೆಸ್ಟರ್ ಇದನ್ನು ಹೀರುವುದಿಲ್ಲ, ಶ್ರಮ ದಂಡ.

ತಳಕ್ಕೆ ಅಂಟುವುದು ಹಸಿ ಗಂಜಿ. ಪೂರ್ತಿ ಒಣಗಿಸಿ, ಆಮೇಲೆ ಮೇಲೆ ಹೇಳಿದಂತೆ ನೀರು ಚಿಮುಕಿಸಿ ಸುರುಳಿ ಕಟ್ಟಿ, ಎರಡು ಮತ್ತು ಮೂರು ಚುಕ್ಕೆಯ ನಡುವಿನ ಕಾವಿನಲ್ಲಿ ಮಾಡಿ. ಗಂಜಿ ಬಟ್ಟೆಗಿಂತ ಬೇಗ ಕಂದುತ್ತದೆ. ತಿಂಗಳುಗಟ್ಟಲೆ ಉಡದ ಸೀರೆಯನ್ನು ಗಂಜಿ ಸಮೇತ ಅಲಮಾರಿಯಲ್ಲಿಡಬೇಡಿ. ಜಿರಲೆಗೆ, ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ಅದು ಊಟ. ಮಳೆಗಾಲಕ್ಕೆ ಮೊದಲು ಒಗೆದು, ಗಂಜಿ ಇಲ್ಲದೆ ಎತ್ತಿಡಿ.

ಪ್ರಶ್ನೆ: ಸ್ಟೀಮ್ ಇಸ್ತ್ರಿ ತಂದು ಆರು ತಿಂಗಳಾಯಿತು. ಉಗಿಯ ಜೊತೆ ಸುಣ್ಣದಂಥ ಪುಡಿ ಬೀಳುತ್ತದೆ, ಕೆಲವೊಮ್ಮೆ ಕಂದು ನೀರು.
— ಓದುಗರು, ಚಿತ್ತಾಪುರ

ಅದು ಸುಣ್ಣವೇ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದ ಕಡೆ ನೆಲದಡಿ ಇರುವುದು ಸುಣ್ಣಕಲ್ಲು, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನಿಂತಿರುವುದೂ ಅದಕ್ಕೇ. ಆ ಬಂಡೆಯೊಳಗಿನ ಬೋರ್‌ವೆಲ್ ನೀರು ಕುದಿದು ಹಾರಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಉಗಿಕೋಣೆಯಲ್ಲಿ ಉಳಿಯುತ್ತದೆ. ಚಹಾ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೂ ಇದೇ.

ತೊಳೆಯುವುದು ಹೀಗೆ: ಟ್ಯಾಂಕನ್ನು ಪೂರ್ತಿ ತುಂಬಿ, ಉಗಿ ಗುಂಡಿ ಮುಚ್ಚಿಟ್ಟು, ಅತಿ ಹೆಚ್ಚಿನ ಕಾವಿಗೆ ಹಾಕಿ. ದೀಪ ಆರಿದ ಮೇಲೆ ಪ್ಲಗ್ ಕಿತ್ತು, ಬಚ್ಚಲಲ್ಲಿ ಅಡ್ಡವಾಗಿ ಹಿಡಿದು ಸೆಲ್ಫ್ ಕ್ಲೀನ್ ಗುಂಡಿ ಒತ್ತಿ, ಹಿಂದೆ ಮುಂದೆ ಅಲ್ಲಾಡಿಸಿ. ಕುದಿಯುವ ನೀರು, ಉಗಿ, ಸುಣ್ಣದ ಚೂರು ಒಟ್ಟಿಗೆ ಸುರಿಯುತ್ತವೆ, ಕೈ ದೂರವಿರಲಿ. ನಿಮ್ಮ ನೀರಿಗೆ ಹದಿನೈದು ದಿನಕ್ಕೊಮ್ಮೆ ಬೇಕು. ವಿನೆಗರ್ ಹಾಕುವ ಸಲಹೆ ಎಲ್ಲೆಡೆ ಇದೆ. ಕೈಪಿಡಿಯಲ್ಲಿ ಬೇಡ ಎಂದಿದ್ದರೆ ಹಾಕಬೇಡಿ, ಕೆಲವು ಪೆಟ್ಟಿಗೆಗಳ ಒಳಲೇಪ ಕಿತ್ತುಬರುತ್ತದೆ.

ಇನ್ನು ಮುಂದೆ ಫಿಲ್ಟರಿನಿಂದ ಕುಡಿಯಲು ಬರುವ ಆರ್‌ಒ ನೀರು ಹಾಕಿ. ಪಕ್ಕದ ಪೈಪಿನಿಂದ ಹೊರಹೋಗುವ ನೀರನ್ನು ಉಳಿತಾಯವೆಂದು ತುಂಬುವವರಿದ್ದಾರೆ, ಅದು ಬೋರ್‌ವೆಲ್ ನೀರಿಗಿಂತ ಗಡಸು. ಕುದಿಸಿ ಆರಿಸಿದರೆ ಗಡಸುತನದ ಒಂದು ಪಾಲು ಮಾತ್ರ ಕೆಳಗಿಳಿಯುತ್ತದೆ. ಕೆಲಸ ಮುಗಿದೊಡನೆ ಬಿಸಿಯಿರುವಾಗಲೇ ಟ್ಯಾಂಕ್ ಬರಿದು ಮಾಡಿ ನಿಲ್ಲಿಸಿ. ಉಗಿಯ ಬದಲು ಹನಿ ತೊಟ್ಟಿಕ್ಕಿದರೆ ಕಾವು ಸಾಲದೆಂದು ಅರ್ಥ. ಎರಡು ಚುಕ್ಕೆಗಿಂತ ಕೆಳಗೆ ಉಗಿ ಬಿಡಬೇಡಿ.

ಪ್ರಶ್ನೆ: ಇಳಕಲ್ ಸೀರಿಗೆ ಒಡಲಿಗೆ ಒಂದು, ಸೆರಗಿಗೆ ಒಂದು ಕಾವು ಬೇಕಂತಾರ. ಖರೇನಾ?
— ಓದುಗರು, ಸುರಪುರ

ಖರೆ. ಒಡಲು ಹತ್ತಿಯದಾಗಿ, ಸೆರಗು ಅಂಚು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಆಗಿದ್ದರೆ ಒಂದೇ ಸೀರೆಯಲ್ಲಿ ಎರಡು ಸ್ವಭಾವ. ಆರ್ಟ್ ಸಿಲ್ಕ್ ಎಂದರೆ ಹೆಚ್ಚಾಗಿ ರೇಯಾನ್, ಒದ್ದೆಯಾದರೆ ಅದರ ಬಲ ಬಹಳ ಕುಂದುತ್ತದೆ. ಆದ್ದರಿಂದ ಸೆರಗಿಗೆ ನೀರು ಚಿಮುಕಿಸಬೇಡಿ. ರೇಷ್ಮೆಯ ಮೇಲೂ ಹನಿ ಬಿದ್ದಲ್ಲಿ ಉಂಗುರದ ಕಲೆ ನಿಲ್ಲುತ್ತದೆ. ಹಿಂಬದಿಯಿಂದ, ಮೇಲೊಂದು ತೆಳು ಬಿಳಿ ಮಲ್ಮಲ್ ಹಾಕಿ, ಎರಡು ಚುಕ್ಕೆಗೆ ತುಸು ಕೆಳಗೆ.

ಸೆರಗು ಮೊದಲು, ಒಡಲು ಆಮೇಲೆ. ಪೆಟ್ಟಿಗೆ ಕಾಯಲು ಎರಡು ನಿಮಿಷ ಸಾಕು, ಆರಲು ಹತ್ತು ನಿಮಿಷಕ್ಕೂ ಹೆಚ್ಚು. ಡಯಲ್ ಇಳಿಸಿದೊಡನೆ ತಳ ತಣ್ಣಗಾಯಿತೆಂದು ನಂಬಿ ರೇಷ್ಮೆ ಸುಟ್ಟವರೇ ಬಹಳ. ಮನೆಯ ಎಲ್ಲ ಬಟ್ಟೆಗೂ ಇದೇ ಕ್ರಮ: ನೈಲಾನ್ ಮೊದಲು (ಒಂದು ಚುಕ್ಕೆ, 110 ಡಿಗ್ರಿ), ರೇಷ್ಮೆ, ಉಣ್ಣೆ, ಟೆರಿಕಾಟ್ ನಂತರ (ಎರಡು ಚುಕ್ಕೆ, 150), ಹತ್ತಿ, ಲಿನನ್ ಕಡೆಗೆ (ಮೂರು ಚುಕ್ಕೆ, 200). ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿದ ಗೆರೆಯ ಮೇಲೆ ಪೆಟ್ಟಿಗೆ ಎಳೆಯದೆ ಒತ್ತಿ ಎತ್ತಿ. ಜರಿ ಇದ್ದರೆ ಉಗಿ ಬೇಡ.

ಪ್ರಶ್ನೆ: ಮಕ್ಕಳ ಶಾಲೆ ಯೂನಿಫಾರ್ಮ್ ಪ್ಯಾಂಟ್ ತೊಡೆ ಮೇಲೆ ಮಿಂಚುತ್ತದೆ. ಮಡಿಕೆ ನಿಲ್ಲುವುದಿಲ್ಲ. ಒಂದು ಸಲ ಬಟ್ಟೆ ಕರಗಿ ತಳಕ್ಕೆ ಹಿಡಿದಿದೆ.
— ಪಾಲಕರು, ಶಹಾಪುರ

ಮಿಂಚು ಚಪ್ಪಟೆಯಾದ ಪಾಲಿಯೆಸ್ಟರ್ ನಾರು, ಅದು ಹಿಂದಕ್ಕೆ ಬರದು. ಮುಂದಕ್ಕೆ ತಡೆಯಬಹುದು: ಬರಿ ಪೆಟ್ಟಿಗೆ ಮುಟ್ಟಿಸದೆ, ಹಿಂಡಿದ ಒದ್ದೆ ಬಟ್ಟೆ ಮೇಲೆ ಹಾಕಿ ಎರಡು ಚುಕ್ಕೆಯಲ್ಲಿ ಒತ್ತಿ. ಮಡಿಕೆಗೆ, ಕಾಲಿನ ಒಳಹೊಲಿಗೆ ಹೊರಹೊಲಿಗೆ ಒಂದರ ಮೇಲೊಂದು ಕೂಡಿಸಿ. ಇದು ತಪ್ಪಿದರೆ ಜೋಡಿ ಗೆರೆ ಬೀಳುತ್ತದೆ. ಒತ್ತಿ, ಹತ್ತು ಎಣಿಸಿ, ಪೆಟ್ಟಿಗೆ ಎತ್ತಿದ ಕೂಡಲೇ ನಯವಾದ ಮರದ ಹಲಗೆಯಿಂದ ಅದುಮಿ ಹಿಡಿಯಿರಿ. ಪಾಲಿಯೆಸ್ಟರ್ ಕಾವಿಗೆ ಮೆತ್ತಗಾಗಿ, ಆರುವಾಗ ಇದ್ದ ಆಕಾರದಲ್ಲಿ ಗಟ್ಟಿಯಾಗುತ್ತದೆ. ಕಾಯಿಸುವುದಕ್ಕಿಂತ ಆರಿಸುವುದರಲ್ಲೇ ಮಡಿಕೆ ಇದೆ.

ತಳಕ್ಕೆ ಹಿಡಿದದ್ದಕ್ಕೆ ಪೆಟ್ಟಿಗೆಯನ್ನು ಅಂಟು ಮೆತ್ತಗಾಗುವಷ್ಟೇ ಕಾಯಿಸಿ, ಪ್ಲಗ್ ಕಿತ್ತು, ಮರದ ಚಮಚದ ಅಂಚಿನಿಂದ ಕೆರೆಯಿರಿ. ಚಾಕು, ತಂತಿ ಉಜ್ಜು ಬೇಡ. ಗಂಜಿ ಸುಟ್ಟು ಕಪ್ಪಾಗಿದ್ದರೆ ಕಂದು ಕಾಗದದ ಮೇಲೆ ಪುಡಿ ಉಪ್ಪು ಹರಡಿ ಬಿಸಿ ಪೆಟ್ಟಿಗೆ ಆಡಿಸಿದರೆ ಹೋಗುತ್ತದೆ. ನಾನ್‌ಸ್ಟಿಕ್ ತಳಕ್ಕೆ ಉಪ್ಪು ಗೀರು ಹಾಕುತ್ತದೆ, ಅದಕ್ಕೆ ಬೆಚ್ಚಗಿರುವಾಗ ಒದ್ದೆ ಬಟ್ಟೆಯೇ ಸಾಕು.

ಪ್ರಶ್ನೆ: ಸಂಜೆ ನಮ್ಮ ಹಳ್ಳಿಯಲ್ಲಿ ಇಸ್ತ್ರಿ ಕಾಯುವುದೇ ಇಲ್ಲ. ಬೆಳಿಗ್ಗೆ ಸರಿ ಇರುತ್ತದೆ.
— ಓದುಗರು, ಗುರುಮಠಕಲ್ ತಾಲ್ಲೂಕು

ಸಂಜೆ ನಿಮ್ಮಲ್ಲಿ ವೋಲ್ಟೇಜ್ ಇಳಿಯುತ್ತಿರಬೇಕು. ವೋಲ್ಟೇಜ್ ಇಳಿದಾಗ ಕಾವು ಅದರ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಪ್ರಮಾಣದಲ್ಲಿ ಇಳಿಯುತ್ತದೆ. 230 ಬದಲು 180 ವೋಲ್ಟ್ ಬಂದರೆ 1000 ವ್ಯಾಟ್ ಪೆಟ್ಟಿಗೆ ಸುಮಾರು 610 ವ್ಯಾಟ್ ಅಷ್ಟೇ. ಅಂಗಿಯಲ್ಲಿನ 50 ಮಿಲಿಲೀಟರ್ ನೀರು ಹಾರಿಸಲು ಮೊದಲಿನದಕ್ಕೆ ಕನಿಷ್ಠ ಎರಡು ನಿಮಿಷ, ಇದಕ್ಕೆ ಮೂರೂವರೆ. ತೇವದ ಬಟ್ಟೆಯ ಮೇಲೆ ತಳ ಆರುತ್ತಲೇ ಹೋಗುತ್ತದೆ. ಬೆಳಿಗ್ಗೆಯೇ ಮಾಡಿ. ಫ್ರಿಜ್ಜಿನ ಸ್ಟೆಬಿಲೈಸರ್‌ಗಾಗಲಿ ಮನೆಯ ಇನ್ವರ್ಟರ್‌ಗಾಗಲಿ ಇಸ್ತ್ರಿ ಸಿಕ್ಕಿಸಬೇಡಿ. 6 ಆಂಪಿಯರ್ ಸಾಕೆಟ್ 1380 ವ್ಯಾಟ್ ತನಕ ಮಾತ್ರ ತಡೆಯುತ್ತದೆ, ದೊಡ್ಡ ಸ್ಟೀಮ್ ಇಸ್ತ್ರಿಗೆ 16 ಆಂಪಿಯರಿನದೇ ಬೇಕು. ಪ್ಲಗ್ ಕೈ ಸುಡುವಷ್ಟು ಬಿಸಿಯಾದರೆ ಒಳಗಿನ ಹಿಡಿತ ಸಡಿಲ, ಅಂದೇ ಬದಲಿಸಿ. ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಒದ್ದೆ ಕೈಯಿಂದ ಇಸ್ತ್ರಿ ಹಿಡಿಯುವುದು ಜೀವಕ್ಕೆ ಅಪಾಯ.

ಪ್ರಶ್ನೆ: ಅಜ್ಜಿಯ ಕಾಲದ ಹಿತ್ತಾಳೆ ಇದ್ದಲು ಪೆಟ್ಟಿಗೆ ಇದೆ. ಬಳಸಬಹುದೇ?
— ಓದುಗರು, ಬಸವಕಲ್ಯಾಣ

ಅಂಗಳದಲ್ಲಿ ಬಳಸಬಹುದು, ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ. ಇದ್ದಲು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೊಲ್ಲುತ್ತದೆ. ವಿದ್ಯುತ್ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಪೇಟೆಂಟ್ ಪಡೆದದ್ದು 1882ರಲ್ಲಿ. ಇಷ್ಟಾದರೂ ಇದ್ದಲು ಪೆಟ್ಟಿಗೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಗಳಲ್ಲಿ ಉಳಿದದ್ದು ಅದರ ಭಾರದಿಂದ. ಕೈ ಒತ್ತುವ ಶ್ರಮವನ್ನು ಪೆಟ್ಟಿಗೆಯೇ ಹೊರುತ್ತದೆ, ದಪ್ಪ ತಳ ತೇವದ ಬಟ್ಟೆಯ ಮೇಲೂ ಬೇಗ ಆರುವುದಿಲ್ಲ.

ಇದ್ದಲನ್ನು ಹೊರಗೆ ಹೊತ್ತಿಸಿ, ಹೊಗೆ ನಿಂತು ಕೆಂಡವಾದ ಮೇಲೆ ಪೆಟ್ಟಿಗೆಗೆ ಹಾಕಿ. ಡಯಲ್ ಇಲ್ಲ, ಹನಿ ನೀರೇ ಡಯಲ್: ತಳಕ್ಕೆ ಚಿಮುಕಿಸಿದ ಹನಿ ಚುರ್ರೆಂದು ಅಲ್ಲೇ ಆರಿದರೆ ಹತ್ತಿಗೆ ಸರಿ, ಮುತ್ತಿನಂತೆ ಉರುಳಿ ಓಡಿದರೆ ಕಾವು ಹೆಚ್ಚು, ಎರಡು ನಿಮಿಷ ತಡೆಯಿರಿ. ಪ್ರತಿ ಸಲ ಒದ್ದೆ ಬಟ್ಟೆಯ ಮೇಲೆ ತಳ ಒರೆಸಿ, ಬೂದಿ ಇದ್ದರೆ ಅಲ್ಲೇ ಬಿಡುತ್ತದೆ. ಹತ್ತಿ, ಲಿನನ್ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಸಬೇಡಿ.

ಪ್ರಶ್ನೆ: ಇಸ್ತ್ರಿ ನೀರಿಗೆ ಅತ್ತರು ಹಾಕಬಹುದಾ?
— ಓದುಗರು, ಕಲಬುರಗಿ

ಸ್ಟೀಮ್ ಟ್ಯಾಂಕಿಗೆ ಬೇಡ. ಅತ್ತರು ಎಣ್ಣೆ, ನೀರಿನಲ್ಲಿ ಕರಗದೆ ಉಗಿ ರಂಧ್ರಗಳಲ್ಲಿ ಸುಟ್ಟು ಅಂಟಾಗುತ್ತದೆ, ಬಿಳಿ ಅಂಗಿಯ ಮೇಲೆ ಕಂದು ಹನಿ ಬೀಳಿಸುತ್ತದೆ. ಚಿಮುಕಿಸುವ ನೀರಿಗೆ ಪನ್ನೀರು ಒಂದೆರಡು ಚಮಚ ಬೆರೆಸಬಹುದು, ಹತ್ತಿಗೆ ಮಾತ್ರ. ಅತ್ತರೇ ಬೇಕೆಂದರೆ ಅರಳೆಗೆ ಹಚ್ಚಿ, ತೂತಿನ ಮುಚ್ಚಳದ ಸಣ್ಣ ಡಬ್ಬಿಯಲ್ಲಿಟ್ಟು ಅಲಮಾರಿಯ ಮೂಲೆಗೆ ಸೇರಿಸಿ, ಜರಿ ಸೀರೆಯಿಂದ ಒಂದು ಗೇಣು ದೂರ.